ಹೋಮ್ಸ್ ತೆರೆಯ ಮೇಲೆ ಯಾಕೆ ಹಿಡಿಸುತ್ತಾನೆ: ‘ಅನುಮಾನ’ದಲ್ಲಿ ಎಡವಿದವರಿಗೊಂದು ಟಿಪ್ಪಣಿ

ಪತ್ತೇದಾರಿ ಕತೆಗಳ ಸಿನಿಮಾ ರೂಪಾಂತರ ಓದುತ್ತಿರುವ ತುಮಕೂರಿನ ಸಹಪಾಠಿಗಳಿಗಾಗಿ ಇದು. ಷರ್ಲಾಕ್ ಹೋಮ್ಸ್ ಕತೆಗಳು ಗೊತ್ತು ಎಂದುಕೊಂಡೇ ಬರೆದಿದೆ. ಕೆಲವು ಗುಟ್ಟುಗಳು ಇಲ್ಲಿ ಬಯಲಾಗುತ್ತವೆ, ಓದದವರು ಮೊದಲು ಕತೆ ಓದಿಕೊಂಡು ಬನ್ನಿ.

‘ಹೋಮ್ಸ್ ತೆರೆಯ ಮೇಲೆ ಯಾಕೆ ಗೆಲ್ಲುತ್ತಾನೆ?’ ಎಂದು ಕೇಳಿದರೆ ‘ಮಹಾ ಬುದ್ಧಿವಂತ, ಅದಕ್ಕೇ’ ಎಂದು ಬರೆಯುವುದು ಸುಲಭ. ಆದರೆ ಬುದ್ಧಿ ಕ್ಯಾಮೆರಾಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಕೈ, ಕಣ್ಣು, ಬಟ್ಟೆ, ಸಾಮಾನು. 1900ರಲ್ಲಿ ಹೋಮ್ಸ್ ಮೊದಲ ಸಲ ಚಲನಚಿತ್ರದಲ್ಲಿ ಬಂದಾಗ ಅದು ಒಂದು ನಿಮಿಷವೂ ಇಲ್ಲದ ಮೂಕಿ ತುಣುಕು. ಕಳ್ಳ ಟ್ರಿಕ್ ಶಾಟ್‌ನಲ್ಲಿ ಮಾಯವಾಗುತ್ತಾನೆ, ಹೋಮ್ಸ್ ಬೆಪ್ಪಾಗುತ್ತಾನೆ, ಮುಗಿಯಿತು. ತರ್ಕದ ಸುಳಿವೇ ಇಲ್ಲ. ಯೋಚನೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆಂಬ ಲೆಕ್ಕ ಆಮೇಲೆ ಬಂದದ್ದು. ಆ ಲೆಕ್ಕ ಹಿಡಿಯಬೇಕಾದರೆ ಅವನ ತರ್ಕ ಯಾವ ಜಾತಿಯದು ಎಂಬುದು ಮೊದಲು ಇತ್ಯರ್ಥವಾಗಬೇಕು.

ಅನುಮಾನ ಅಂದರೆ ಸಂಶಯವಲ್ಲ

ಮೊದಲ ಎಡವು ಪದದಲ್ಲೇ ಇದೆ. ‘ನಂಗ್ಯಾಕೋ ಅವನ ಮೇಲೆ ಅನುಮಾನ’ ಎಂದರೆ ಸಂಶಯ. ನ್ಯಾಯದರ್ಶನದಲ್ಲಿ, ಅಂದರೆ ನಮ್ಮ ಹಳೆಯ ತರ್ಕಪಂಥದಲ್ಲಿ, ಅನುಮಾನ ಎಂದರೆ ಹೆಚ್ಚುಕಡಿಮೆ ಅದರ ಎದುರು: ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವ ಪ್ರಮಾಣ (ಅರಿವಿನ ಸಾಧನ). ಇನ್ಸ್‌ಪೆಕ್ಟರ್ ಲೆಸ್ಟ್ರೇಡ್‌ನದು ಮೊದಲ ಬಗೆಯ ಅನುಮಾನ, ಹೋಮ್ಸ್‌ನದು ಎರಡನೆಯದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಉತ್ತರದಲ್ಲಿ ಎರಡೂ ಕಲಸಿಹೋಗುತ್ತವೆ.

ಎರಡನೇ ಎಡವು ಇನ್ನೂ ಕೆಟ್ಟದ್ದು. ಹೋಮ್ಸ್ ತನ್ನ ಕೆಲಸವನ್ನು ‘ಡಿಡಕ್ಷನ್’ ಎನ್ನುತ್ತಾನೆ, ನಮ್ಮ ತರ್ಕಶಾಸ್ತ್ರದ ಪಠ್ಯಗಳು ಡಿಡಕ್ಷನ್ನಿಗೆ ‘ನಿಗಮನ’ ಎನ್ನುತ್ತವೆ, ನಾವು ಹಾಗೇ ಬರೆದುಬಿಡುತ್ತೇವೆ. ನಿಗಮನವೆಂದರೆ ಸಾಮಾನ್ಯ ನಿಯಮದಿಂದ ಒಂದು ನಿರ್ದಿಷ್ಟ ಸಂಗತಿಗೆ ಇಳಿಯುವುದು. ಹೋಮ್ಸ್ ಇಳಿಯುವುದಿಲ್ಲ, ಹಿಂದಕ್ಕೆ ನಡೆಯುತ್ತಾನೆ: ಪರಿಣಾಮ ಕಂಡು ಕಾರಣಕ್ಕೆ. 1887ರ ಮೊದಲ ಕಾದಂಬರಿಯ ಕೊನೆಯಲ್ಲಿ, ಹಿಮ್ಮುಖವಾಗಿ ತರ್ಕಿಸುವುದೇ ಇಲ್ಲಿ ದೊಡ್ಡ ವಿಷಯ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಇಂಗ್ಲಿಷಿನವರು ಇದಕ್ಕೆ ‘ಅಬ್ಡಕ್ಷನ್’ ಎನ್ನುತ್ತಾರೆ. ಅಪಹರಣಕ್ಕೂ ಅದೇ ಪದವಾದ್ದರಿಂದ ಅಲ್ಲೂ ಗೋಜಲು ತಪ್ಪಿದ್ದಲ್ಲ.

ಗೌತಮನ ನ್ಯಾಯಸೂತ್ರ ಅನುಮಾನವನ್ನು ಮೂರು ಬಗೆ ಮಾಡುತ್ತದೆ: ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ. ಮೂರನೆಯದನ್ನು ಸದ್ಯಕ್ಕೆ ಬಿಡಿ. ಮೋಡ ಕವಿದದ್ದನ್ನು ನೋಡಿ ಮಳೆ ಬರುತ್ತದೆ ಅನ್ನುವುದು ಪೂರ್ವವತ್. ಹೊಳೆ ತುಂಬಿದ್ದನ್ನು ನೋಡಿ ಮೇಲೆಲ್ಲೋ ಮಳೆಯಾಗಿದೆ ಅನ್ನುವುದು ಶೇಷವತ್. ನಮ್ಮ ಕಡೆಯ ಉದಾಹರಣೆ ಬೇಕಾದರೆ, ಬತ್ತಿ ಮಲಗಿರುವ ಜಯಮಂಗಲಿಯಲ್ಲಿ ಕೆಂಪು ನೀರು ನುಗ್ಗಿ ಬಂದರೆ ದೇವರಾಯನದುರ್ಗದ ಕಡೆ ಮಳೆ ಹೊಡೆದಿದೆ ಎಂದು ಕೊರಟಗೆರೆ ಸೀಮೆಯವರು ತಿಳಿಯುವುದು ಶೇಷವತ್. ಹೋಮ್ಸ್‌ನದು ಅಪ್ಪಟ ಶೇಷವತ್. ‘ನಿಗಮನ’ ಎಂದು ಬರೆದ ಕಡೆಯೆಲ್ಲ ಅದನ್ನು ಹೊಡೆದು ಇದನ್ನು ಬರೆಯಿರಿ.

ಮೊದಲು ತೀರ್ಮಾನ, ಆಮೇಲೆ ಕಾರಣ

ಇಷ್ಟು ಹೊತ್ತು ಶಾಸ್ತ್ರ ಯಾಕೆಂದರೆ, ನ್ಯಾಯದ ಐದು ಅವಯವಗಳ (ಭಾಗಗಳ) ವಾಕ್ಯಕ್ಕೂ ಹೋಮ್ಸ್ ದೃಶ್ಯಕ್ಕೂ ಒಂದೇ ಕಟ್ಟಡ. ಬೆಟ್ಟದಲ್ಲಿ ಬೆಂಕಿಯಿದೆ (ಪ್ರತಿಜ್ಞೆ). ಹೊಗೆ ಇರುವುದರಿಂದ (ಹೇತು). ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ (ಉದಾಹರಣೆ). ಈ ಬೆಟ್ಟದಲ್ಲೂ ಅಂಥದೇ ಹೊಗೆ (ಉಪನಯ). ಆದ್ದರಿಂದ ಬೆಂಕಿಯಿದೆ (ನಿಗಮನ). ಇಲ್ಲಿ ನಿಗಮನ ಐದನೇ ಅವಯವದ ಹೆಸರು ಮಾತ್ರ, ಮೇಲೆ ಹೇಳಿದ ಡಿಡಕ್ಷನ್ ಅಲ್ಲ. ಹೌದು, ಅದೇ ಪದ ಮತ್ತೆ ಕಾಡುತ್ತದೆ.

ಗಮನಿಸಬೇಕಾದದ್ದು ಸರದಿ. ತೀರ್ಮಾನವೇ ಮೊದಲು ಬರುತ್ತದೆ. ಗ್ರೀಕರ ಮಾದರಿಯಲ್ಲಿ ಅದು ಕೊನೆಗೆ ಬರುತ್ತದೆ, ಹಾಗೆ ಚಿತ್ರಿಸಿದರೆ ದೃಶ್ಯ ಗಣಿತದ ಪಾಠವಾಗುತ್ತದೆ. 1891ರ ಕೆಂಗೂದಲಿನವರ ಸಂಘದ ಕತೆಯಲ್ಲಿ ಗಿರವಿ ಅಂಗಡಿಯ ಜೇಬೆಜ್ ವಿಲ್ಸನ್ ಬಂದು ಕೂರುತ್ತಾನೆ. ಹೋಮ್ಸ್ ಒಂದೇ ಉಸಿರಿಗೆ ಐದು ಪ್ರತಿಜ್ಞೆ ಎಸೆಯುತ್ತಾನೆ: ಈತ ಮೈಮುರಿದು ಕೆಲಸ ಮಾಡಿದವನು, ನಶ್ಯ ಸೇದುವವನು, ಫ್ರೀಮೇಸನ್ ಎಂಬ ಗುಪ್ತ ಸಂಘದವನು, ಚೀನಾ ನೋಡಿದವನು, ಈಚೆಗೆ ಬಹಳ ಬರೆದವನು. ವಿಲ್ಸನ್ ಬೆರಗಾದ ಮೇಲೆ ಹೇತುಗಳು: ಬಲಗೈ ಎಡಗೈಗಿಂತ ದಪ್ಪ, ಎದೆಯ ಪಿನ್ನಿನಲ್ಲಿ ಆ ಸಂಘದ ಕೈವಾರದ ಗುರುತು, ಮಣಿಕಟ್ಟಿನ ಮೇಲೆ ಮೀನಿನ ಹಚ್ಚೆ, ಗಡಿಯಾರದ ಸರಪಳಿಗೆ ಚೀನೀ ನಾಣ್ಯ, ಬಲತೋಳಿನ ತುದಿ ಐದು ಅಂಗುಲ ಉಜ್ಜಿ ಹೊಳಪು. ಕೇಳಿದ ವಿಲ್ಸನ್ ‘ಓ, ಇಷ್ಟೇನಾ’ ಅನ್ನುವ ಧಾಟಿಗೆ ಇಳಿಯುತ್ತಾನೆ.

ಬೆರಗು ಹುಟ್ಟುವುದು ಪ್ರತಿಜ್ಞೆಗೂ ಹೇತುವಿಗೂ ನಡುವಿನ ಬಿಡುವಿನಲ್ಲಿ. ಬಿಡುವು ತೀರ ಚಿಕ್ಕದಾದರೆ ಬೆರಗಿಲ್ಲ, ದೊಡ್ಡದಾದರೆ ಪ್ರೇಕ್ಷಕ ಮರೆಯುತ್ತಾನೆ. ಆ ಜಾಗವನ್ನು ಯಾರದಾದರೂ ಮುಖ ತುಂಬಬೇಕು. ವಾಟ್ಸನ್ ಇರುವುದೇ ಅದಕ್ಕೆ.

ಹೇತು ಜಾರುವುದು

ಹೊಗೆ ಎಂದುಕೊಂಡದ್ದು ನಂದಿಬೆಟ್ಟದ ಬೆಳಗಿನ ಮಂಜಾಗಿದ್ದರೆ? ಹೇತುವೇ ಸುಳ್ಳು. ಹೊಳೆ ತುಂಬಿದ್ದು ಮಳೆಗಲ್ಲ, ಎಲ್ಲೋ ಅಡ್ಡಕಟ್ಟಿದ ನೀರಿನಿಂದ ಎಂದಾದರೆ? ಈ ಆಕ್ಷೇಪವನ್ನು ನ್ಯಾಯಸೂತ್ರವೇ ಎತ್ತುತ್ತದೆ. ಬರೀ ತುಂಬಿದ್ದು ಸಾಲದು, ನೊರೆ, ತರಗೆಲೆ, ಕಡ್ಡಿ ಹೊತ್ತು ರಭಸದಿಂದ ಬರುವ ನೀರೇ ಮಳೆಯ ಗುರುತು ಎಂಬ ಧಾಟಿಯಲ್ಲಿ ಸೂತ್ರದ ಮೇಲಿನ ವಾತ್ಸ್ಯಾಯನನ ಭಾಷ್ಯ ಉತ್ತರಿಸುತ್ತದೆ. ಬೇರೆ ಕಾರಣಕ್ಕೂ ಹೊಂದುವ ಹೇತುವಿಗೆ ‘ಸವ್ಯಭಿಚಾರ’ ಎಂದು ಹೆಸರು. ಹೋಮ್ಸ್‌ನ ಒಂದೊಂದೇ ಸುಳಿವನ್ನು ಬಿಡಿಯಾಗಿ ತೆಗೆದರೆ ಎಲ್ಲವೂ ಸವ್ಯಭಿಚಾರವೇ.

ಅಭ್ಯಾಸಕ್ಕೆ: ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಇಳಿದರು. ಬೆರಳ ತುದಿ ಬಿಳಿಚಿ, ಸುಕ್ಕಾಗಿ, ಸಿಪ್ಪೆಯೆದ್ದಿದೆ. ‘ಇವರು ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವವರು’ ಎಂಬುದು ನಿಮ್ಮ ಪ್ರತಿಜ್ಞೆ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವ ಕೈ ಹಾಗಾಗುತ್ತದೆ, ನಿಜ. ಆದರೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಕೈಯೂ ಹಾಗೇ, ಬಟ್ಟೆ ಒಗೆಯುವವರದೂ ಹಾಗೇ. ಎರಡನೇ ಹೇತು ಬೇಕು. ಬೆಂದ ಹುಳುವಿನ ವಾಸನೆ ಅನ್ನುತ್ತೀರಾ? ಕಾಗದದ ಮೇಲೆ ಸೊಗಸು, ತೆರೆಯ ಮೇಲೆ ದಂಡ. ವಾಸನೆಯನ್ನು ಕಾಣುವ ವಸ್ತುವಿಗೆ ಬದಲಿಸಿ: ತೋಳಿಗೆ ಅಂಟಿ ಬಿಸಿಲಿಗೆ ಮಿಂಚುವ ಒಂದು ರೇಷ್ಮೆ ಎಳೆ. ಕೈ ಮತ್ತು ಎಳೆ, ಎರಡು ಶಾಟ್. ಮೂರನೆಯದಾಗಿ ಬಸ್ಸಿನ ಬೋರ್ಡು ತೋರಿಸಿದರೆ ಊರೂ ಸಿಕ್ಕಿತು. ಕತೆಯಲ್ಲಿರುವ ವಾಸನೆ, ರುಚಿ, ಸ್ಪರ್ಶಗಳೆಲ್ಲ ತೆರೆಗೆ ಬರುವಾಗ ಹೀಗೆ ಒಂದು ವಸ್ತುವಾಗಿ ಮಾರ್ಪಡಬೇಕಾಗುತ್ತದೆ. ರೂಪಾಂತರದ ಅರ್ಧ ಕೆಲಸ ಇದೇ.

ಗಡಿಯಾರದಿಂದ ಮೊಬೈಲಿಗೆ

ಒಂದೇ ಹೇತು ಎರಡು ಕಾಲಕ್ಕೆ ಹೇಗೆ ಹೊಂದಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1890ರ ಕಾದಂಬರಿಯಲ್ಲಿ ವಾಟ್ಸನ್ ತನ್ನ ಅಣ್ಣನ ಒಂದು ಹಳೇ ಗಡಿಯಾರ ಕೊಡುತ್ತಾನೆ. ಒಳಗೆ ಸೂಜಿಯಲ್ಲಿ ಗೀರಿದ ನಾಲ್ಕು ಗಿರವಿ ನಂಬರು: ಒಡೆಯ ಆಗಾಗ ಬರಿಗೈ, ಆಗಾಗ ಬಿಡಿಸಿಕೊಳ್ಳುವಷ್ಟು ದುಡ್ಡು. ಕೀಲಿ ಕೊಡುವ ತೂತಿನ ಸುತ್ತ ಗೀರುಗಳೋ ಗೀರುಗಳು: ಕುಡಿದು ನಡುಗುವ ಕೈ. 2010ರ ಬಿಬಿಸಿ ಸರಣಿಯ ಮೊದಲ ಕಂತಿನಲ್ಲಿ ಅದೇ ಗಡಿಯಾರ ಮೊಬೈಲ್ ಆಗಿದೆ, ಕೀಲಿತೂತು ಚಾರ್ಜರ್ ಚುಚ್ಚುವ ಜಾಗವಾಗಿದೆ. ಪ್ರತಿಜ್ಞೆ ಬರುವುದು ಲ್ಯಾಬಿನಲ್ಲಿ, ಹೇತು ಬರುವುದು ಆಮೇಲೆ ಟ್ಯಾಕ್ಸಿಯಲ್ಲಿ. ಮೇಲೆ ಹೇಳಿದ ಬಿಡುವನ್ನು ಎರಡು ಜಾಗಗಳ ನಡುವೆ ಹಿಗ್ಗಿಸಿದ್ದಾರೆ. ಕೊನೆಗೆ ಒಂದು ಪೆಟ್ಟೂ ಇದೆ: ಮೊಬೈಲಿನ ಮೇಲಿನ ಹೆಸರು ನೋಡಿ ವಾಟ್ಸನ್‌ನ ಅಣ್ಣನೋ ತಮ್ಮನೋ ಎಂದುಕೊಂಡ ‘ಹ್ಯಾರಿ’ ನಿಜಕ್ಕೆ ಸಹೋದರಿ, ಹ್ಯಾರಿಯೆಟ್. ಹೆಸರೆಂಬ ಹೇತು ಸವ್ಯಭಿಚಾರವಾಗಿತ್ತು. ಸೋಲದ ಪತ್ತೇದಾರ ಎರಡನೇ ಕಂತಿಗೇ ಬೇಸರ ತರಿಸುತ್ತಾನೆ, ಹೀಗೆ ಕೂದಲೆಳೆಯಷ್ಟು ತಪ್ಪಿದರೆ ಹತ್ತಿರವಾಗುತ್ತಾನೆ.

ಸುಮ್ಮನಿದ್ದ ನಾಯಿ

ಶೇಷವತ್‌ಗೆ ವಾತ್ಸ್ಯಾಯನ ಇನ್ನೊಂದು ಅರ್ಥವನ್ನೂ ಕೊಡುತ್ತಾನೆ: ಪರಿಶೇಷ, ಸಾಧ್ಯವಿದ್ದುದನ್ನೆಲ್ಲ ಒಂದೊಂದಾಗಿ ತೆಗೆದು ಉಳಿದದ್ದನ್ನು ಹಿಡಿಯುವುದು. 1892ರ, ರೇಸ್ ಕುದುರೆ ಕಾಣೆಯಾಗುವ ಕತೆ ಪೂರ್ತಿ ಇದೇ. ಲಾಯದ ಹುಡುಗನಿಗೆ ಅಫೀಮು ಹಾಕಿದ್ದು ಮಟನ್ ಕರಿಯಲ್ಲಿ, ಮಸಾಲೆ ಅಫೀಮಿನ ರುಚಿ ಮುಚ್ಚುತ್ತದೆ. ಆ ರಾತ್ರಿ ಕರಿಯೇ ಮಾಡಿಸಬೇಕೆಂದು ಹೊರಗಿನ ಸಿಂಪ್ಸನ್ ಹೇಗೆ ಗೊತ್ತುಮಾಡಿಯಾನು? ಅವನು ಪಟ್ಟಿಯಿಂದ ಹೋದ. ನಾಯಿ ಬೊಗಳಲಿಲ್ಲ, ಅಂದರೆ ಬಂದವರು ಪರಿಚಿತರು. ಉಳಿದದ್ದು ತರಬೇತುದಾರ ಸ್ಟ್ರೇಕರ್.

ಚಿತ್ರಿಸುವಾಗ ತೊಡಕಾಗುವುದು ಇಲ್ಲೇ. ಆಗದೇ ಇದ್ದದ್ದನ್ನು ಬರೆಯಲು ಒಂದು ಸಾಲು ಸಾಕು, ತೋರಿಸುವುದು ಹೇಗೆ? ಮಲಗಿರುವ ನಾಯಿಯ ಕ್ಲೋಸಪ್ ಹಾಕಿದರೆ ಗುಟ್ಟು ಅಲ್ಲೇ ಒಡೆಯುತ್ತದೆ. ಹಾಕದಿದ್ದರೆ ಕೊನೆಯಲ್ಲಿ ಪ್ರೇಕ್ಷಕನಿಗೆ ಮೋಸ ಅನ್ನಿಸುತ್ತದೆ. ದಾರಿ ಎಂದರೆ, ಮೊದಲೊಂದು ದೃಶ್ಯದಲ್ಲಿ ನಾಯಿ ಹೊಸಬರಿಗೆ ಬೊಗಳುವುದನ್ನು ಕೇಳಿಸಿಬಿಡಿ. ರಾತ್ರಿಯ ದೃಶ್ಯದಲ್ಲಿ ನಾಯಿ ಚೌಕಟ್ಟಿನ ಅಂಚಿನಲ್ಲಿರಲಿ, ಮುಂದುಗಡೆ ಬೇರೇನೋ ನಡೆಯಲಿ, ದನಿಯಲ್ಲಿ ಗಾಳಿ ಮಾತ್ರ ಇರಲಿ. ತೋರಿಸಿದ್ದೂ ಆಯಿತು, ಕಣ್ಣು ತಪ್ಪಿಸಿದ್ದೂ ಆಯಿತು.

ನಟರ ಬಗ್ಗೆ ಎರಡೇ ಮಾತು

ಬೇಸಿಲ್ ರಾತ್‌ಬೋನ್ 1939ರಿಂದ 1946ರವರೆಗೆ 14 ಚಿತ್ರ ಮಾಡಿದ. ಅವನ ಜೊತೆಗಾರ ನೈಜಲ್ ಬ್ರೂಸ್‌ನ ವಾಟ್ಸನ್ ಪೆದ್ದ, ಬಿಡುವಿನಲ್ಲಿ ನಗಿಸುತ್ತಾನೆ. ಜೆರೆಮಿ ಬ್ರೆಟ್‌ನ 1984–94ರ ಗ್ರನಾಡಾ ಸರಣಿಯಲ್ಲಿ (41 ಕಂತು) ವಾಟ್ಸನ್ ಗಂಭೀರ ವೈದ್ಯ, ಬಿಡುವಿನಲ್ಲಿ ಯೋಚಿಸುತ್ತಾನೆ, ನಾವೂ ಜೊತೆಗೆ ಯೋಚಿಸುತ್ತೇವೆ. ಎರಡನೆಯದೇ ಮೇಲು ಎಂಬುದು ಈ ಟಿಪ್ಪಣಿಯ ಪಕ್ಷಪಾತ. ಜಿಂಕೆ ಬೇಟೆಯ ಟೋಪಿಯನ್ನು ತಲೆಗಿಟ್ಟದ್ದು ಚಿತ್ರಕಾರ ಸಿಡ್ನಿ ಪ್ಯಾಜೆಟ್. ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್’ ಎಂಬ ಮಾತು ಆ ರೂಪದಲ್ಲಿ ಮೂಲದ 60 ಕತೆಗಳಲ್ಲಿ ಎಲ್ಲೂ ಇಲ್ಲ, ಮೂಲದ್ದೆಂದು ಬರೆದರೆ ಅಂಕ ಹೋಗುತ್ತದೆ.

ನೋಡುವ ಕ್ರಮ

ಯಾವುದಾದರೂ ಒಂದು ಕಂತಿನ ಸುಳಿವು ಬಿಡಿಸುವ ದೃಶ್ಯವನ್ನು ಮೂರು ಸಲ ನೋಡಿ. ಮೊದಲ ಸಲ ದನಿ ಆರಿಸಿ: ಕ್ಯಾಮೆರಾ ಯಾವ ವಸ್ತುವಿನ ಮೇಲೆ ನಿಂತಿತು, ಎಷ್ಟು ಸೆಕೆಂಡು. ಎರಡನೇ ಸಲ ತೆರೆ ನೋಡದೆ ಬರೀ ಕೇಳಿ: ಪ್ರತಿಜ್ಞೆ ಯಾವಾಗ, ಹೇತು ಯಾವಾಗ. ಮೂರನೇ ಸಲ ಎರಡನ್ನೂ ಸೇರಿಸಿ, ಹೇಳುವ ಮುಂಚೆಯೇ ತೋರಿಸಿದ್ದರೇ ಎಂದು ಪ್ರತಿ ಹೇತುವಿನ ಮುಂದೆ ಹೌದು, ಇಲ್ಲ ಎಂದು ಗುರುತು ಹಾಕಿ. ‘ಇಲ್ಲ’ ಎರಡಕ್ಕಿಂತ ಹೆಚ್ಚಾದರೆ ಆ ದೃಶ್ಯ ಪತ್ತೇದಾರಿಯಲ್ಲ, ಜಾದೂ. ಉತ್ತರಕ್ಕೆ ಬೇರೆ ದೃಶ್ಯ ಆರಿಸಿಕೊಳ್ಳಿ.