27 ಪಾಯಿಂಟ್ ಇರುವ ಮಾಂತ್ರಿಕ

ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಮಾತಿನಲ್ಲೇ ಕಥೆ ಕಟ್ಟುತ್ತಾ ಆಡುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಅದರಲ್ಲಿ ಒಬ್ಬರು ಗೇಮ್ ಮಾಸ್ಟರ್. ಊರು, ಕಾಡು, ಶತ್ರುಗಳು ಎಲ್ಲವನ್ನೂ ನಡೆಸುವುದು ಅವರು. ಉಳಿದವರಿಗೆ ಒಂದೊಂದು ಪಾತ್ರ. ಒಬ್ಬಳು ಕತ್ತಿ ಹಿಡಿದ ಯೋಧೆ ಆದರೆ, ಇನ್ನೊಬ್ಬ ಮಾಂತ್ರಿಕ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಈ ಬಗೆಯ ಆಟ ಮಾರುಕಟ್ಟೆಗೆ ಬಂತು. ಇದರ ದೊಡ್ಡ ಸೊಗಸು ಏನೆಂದರೆ, ನಿಯಮ ಹಿಡಿಸದಿದ್ದರೆ ಆಡುವವರೇ ಬದಲಾಯಿಸಿಕೊಳ್ಳಬಹುದು. ಹಾಗೆ ತಾವೇ ಬರೆದುಕೊಂಡ ನಿಯಮಕ್ಕೆ ಹೋಮ್‌ಬ್ರೂ ಎಂದು ಹೆಸರು.

ಹೋಮ್‌ಬ್ರೂ ಬರೆಯಲು ಕೂತವರನ್ನು ಬೇಗ ಸೆಳೆಯುವುದು ಮಂತ್ರಶಕ್ತಿಯ ಲೆಕ್ಕ. ಮಾಂತ್ರಿಕನಿಗೆ ಎಷ್ಟು ಎನರ್ಜಿ ಕೊಡಬೇಕು? ಯಾವ ಮಂತ್ರಕ್ಕೆ ಎಷ್ಟು ಖರ್ಚು? ಕೂಡಿಸಿ ಕಳೆದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಕೂಡಿಸುವ ಲೆಕ್ಕ ಪೂರ್ತಿ ಸರಿ ಇದ್ದರೂ ಆಟ ಕೆಡಬಹುದು. ಯಾಕೆ ಅನ್ನುವುದನ್ನು ಒಂದು ನಿಜವಾದ ಉದಾಹರಣೆಯಲ್ಲೇ ನೋಡೋಣ.

2014ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿ ಬಂತು. ಅದರಲ್ಲಿ ಮಂತ್ರ ಹಾಕಲು ಸ್ಲಾಟ್ ಬೇಕು. ಒಂದು ಸ್ಲಾಟ್ ಅಂದರೆ ಒಂದು ಸಲ ಮಂತ್ರ ಹಾಕುವ ಅವಕಾಶ. 5ನೇ ಲೆವೆಲ್‌ನ ಮಾಂತ್ರಿಕನಿಗೆ ದಿನಕ್ಕೆ ಮೊದಲ ದರ್ಜೆಯ 4, ಎರಡನೇ ದರ್ಜೆಯ 3, ಮೂರನೇ ದರ್ಜೆಯ 2 ಸ್ಲಾಟ್. ಅದೇ ಆವೃತ್ತಿಯ ಗೇಮ್ ಮಾಸ್ಟರ್ ಕೈಪಿಡಿಯಲ್ಲಿ ಇನ್ನೊಂದು ದಾರಿಯೂ ಇದೆ. ಸ್ಲಾಟ್ ಬಿಟ್ಟು ಪಾಯಿಂಟ್ ಇಟ್ಟುಕೊಳ್ಳಿ, ಮೊದಲ ದರ್ಜೆಯ ಮಂತ್ರಕ್ಕೆ 2, ಎರಡನೆಯದಕ್ಕೆ 3, ಮೂರನೆಯದಕ್ಕೆ 5 ಪಾಯಿಂಟ್ ಖರ್ಚು ಮಾಡಿ ಅನ್ನುತ್ತದೆ. 5ನೇ ಲೆವೆಲ್‌ನ ಮಾಂತ್ರಿಕನಿಗೆ ಸಿಗುವುದು ಒಟ್ಟು 27 ಪಾಯಿಂಟ್. ಗುಣಿಸಿ ನೋಡಿ: ನಾಲ್ಕೆರಡಲ 8, ಮೂರ್ಮೂರಲ 9, ಎರಡೈದಲ 10. ಕೂಡಿದರೆ 27. ಒಂದು ಪಾಯಿಂಟ್ ಕೂಡ ಹೆಚ್ಚುಕಮ್ಮಿ ಇಲ್ಲ.

ಈಗ ಫೈರ್‌ಬಾಲ್ ಅನ್ನುವ ಮಂತ್ರ ತೆಗೆದುಕೊಳ್ಳಿ. ಅದು ಮೂರನೇ ದರ್ಜೆಯದು. ಆರು ಮುಖದ 8 ದಾಳ ಹಾಕಬೇಕು. ಒಂದು ದಾಳದ ಸರಾಸರಿ 3.5, ಹಾಗಾಗಿ ಒಟ್ಟು ಸರಾಸರಿ 28 ಡ್ಯಾಮೇಜ್. ಅದೂ ಒಬ್ಬ ಶತ್ರುವಿಗಲ್ಲ, 20 ಅಡಿ ತ್ರಿಜ್ಯದೊಳಗೆ ಇರುವ ಎಲ್ಲರಿಗೂ. ತಪ್ಪಿಸಿಕೊಳ್ಳಲು ದಾಳ ಹಾಕಿ ಗೆದ್ದವರಿಗೆ ಮಾತ್ರ ಅರ್ಧ. ಮಾಂತ್ರಿಕನ ಇತರ ಸಣ್ಣಪುಟ್ಟ ಅನುಕೂಲಗಳನ್ನು ಬದಿಗಿಟ್ಟರೆ, ಸ್ಲಾಟ್ ಲೆಕ್ಕದಲ್ಲಿ ದಿನಕ್ಕೆ 2 ಫೈರ್‌ಬಾಲ್. ಪಾಯಿಂಟ್ ಲೆಕ್ಕದಲ್ಲಿ 5! ಒಟ್ಟು ಎನರ್ಜಿ ಅಷ್ಟೇ ಇದೆ. ಆದರೆ ಸಣ್ಣ ಮಂತ್ರಗಳಿಗೆಂದು ಮೀಸಲಾಗಿದ್ದ ಎನರ್ಜಿಯೆಲ್ಲ ದೊಡ್ಡ ಹೊಡೆತಕ್ಕೆ ಹರಿದುಹೋಯಿತು.

ಭೌತವಿಜ್ಞಾನದಲ್ಲಿ ಎನರ್ಜಿ ಬೇರೆ, ಪವರ್ ಬೇರೆ. ಎನರ್ಜಿಯನ್ನು ಜೂಲ್‌ನಲ್ಲಿ ಅಳೆಯುತ್ತೇವೆ. ಪವರ್ ಅಂದರೆ ಆ ಎನರ್ಜಿ ಎಷ್ಟು ಬೇಗ ಹೊರಬರುತ್ತದೆ ಅನ್ನುವುದು. ಸೆಕೆಂಡಿಗೆ ಒಂದು ಜೂಲ್ ಬಂದರೆ ಅದು ಒಂದು ವಾಟ್. ತಾರಸಿ ಮೇಲೆ 1000 ಲೀಟರ್ ಟ್ಯಾಂಕ್ ಇರಬಹುದು, ಆದರೆ ಕೆಳಗೆ ಬಕೆಟ್ ಎಷ್ಟು ಬೇಗ ತುಂಬುತ್ತದೆ ಅನ್ನುವುದು ಪೈಪಿನ ದಪ್ಪಕ್ಕೆ ಬಿಟ್ಟಿದ್ದು, ಅಲ್ವಾ? ಪಾಯಿಂಟ್ ಪದ್ಧತಿ ಟ್ಯಾಂಕನ್ನು ಹಾಗೇ ಬಿಟ್ಟು ಪೈಪನ್ನು ದಪ್ಪ ಮಾಡಿತು.

ಪೈಪ್ ದಪ್ಪವಾದರೆ ಜಗಳ ಬೇಗ ಮುಗಿಯುತ್ತದೆ, ಅಷ್ಟೇ ತಾನೇ ಅನ್ನಬಹುದು. ಅಷ್ಟೇ ಅಲ್ಲ. ಎದುರಿಗೆ ನಾಲ್ಕು ಶತ್ರುಗಳಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರಿಗೂ 20 ಹಿಟ್ ಪಾಯಿಂಟ್, ಅಂದರೆ 20 ಡ್ಯಾಮೇಜ್ ಆದರೆ ಬೀಳುತ್ತಾರೆ. ಬದುಕಿರುವ ಪ್ರತಿಯೊಬ್ಬರೂ ಸುತ್ತಿಗೆ 5 ಡ್ಯಾಮೇಜ್ ಕೊಡುತ್ತಾರೆ. ಮೊದಲು ಹೊಡೆಯುವುದು ನಮ್ಮ ಗುಂಪು. ಲೆಕ್ಕ ಸುಲಭವಾಗಲಿ ಎಂದು ಯಾರ ಏಟೂ ತಪ್ಪುವುದಿಲ್ಲ ಎಂದಿಟ್ಟುಕೊಳ್ಳೋಣ. ನಾವು ಸುತ್ತಿಗೆ 20ರಂತೆ ಹೊಡೆದರೆ ಪ್ರತಿ ಸುತ್ತಿಗೂ ಒಬ್ಬ ಬೀಳುತ್ತಾನೆ. ಮೊದಲ ಸುತ್ತಲ್ಲಿ ಉಳಿದ ಮೂವರಿಂದ ನಮಗೆ 15, ಆಮೇಲೆ 10, ಆಮೇಲೆ 5. ಒಟ್ಟು 30 ಪೆಟ್ಟು ತಿಂದೆವು. ಈಗ ಮೊದಲ ಸುತ್ತಲ್ಲೇ 40 ಹೊಡೆದು, ಆಮೇಲೆ ಇಪ್ಪತ್ತಿಪ್ಪತ್ತು ಹೊಡೆಯೋಣ. ನಾವು ಖರ್ಚು ಮಾಡಿದ್ದು ಆಗಲೂ 80, ಈಗಲೂ 80. ಆದರೆ ತಿಂದ ಪೆಟ್ಟು 10 ಮತ್ತು 5, ಒಟ್ಟು 15. ಅರ್ಧಕ್ಕರ್ಧ ಕಮ್ಮಿ! ಮೊದಲ ಸುತ್ತಲ್ಲೇ 80 ಹೊಡೆದುಬಿಟ್ಟರೆ ಪೆಟ್ಟೇ ಇಲ್ಲ.

ಬೇಗ ಸತ್ತ ಶತ್ರು ಮತ್ತೆ ಹೊಡೆಯುವುದಿಲ್ಲ. ಹಾಗಾಗಿ ಮೊದಲ ಸುತ್ತಿನ ಒಂದು ಪಾಯಿಂಟ್ ಡ್ಯಾಮೇಜ್‌ಗೆ ಮೂರನೇ ಸುತ್ತಿನದಕ್ಕಿಂತ ಬೆಲೆ ಜಾಸ್ತಿ. ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ವಿಮಾನಯುದ್ಧದ ಬಗ್ಗೆ 1916ರಲ್ಲಿ ಹೊರತಂದ ಪುಸ್ತಕದಲ್ಲಿ ಇದರ ಗಣಿತ ಇದೆ. ಗುರಿಯಿಟ್ಟು ಗುಂಡು ಹಾರಿಸುವ ಪಡೆಯ ಬಲ ಸಂಖ್ಯೆಗೆ ತಕ್ಕಂತೆ ಅಲ್ಲ, ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಅನ್ನುತ್ತಾನೆ ಅವನು. ಶತ್ರುಗಳು ನಾಲ್ವರಿಂದ ಇಬ್ಬರಾದರೆ ಅವರ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹೋಮ್‌ಬ್ರೂ ಬರೆಯುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಎಷ್ಟೋ ತೊಂದರೆ ಹುಟ್ಟುವುದೇ ಇಲ್ಲ.

ಹಾಗಾದರೆ ಪಾಯಿಂಟ್ ಪದ್ಧತಿ ಬೇಡವಾ? ಖಂಡಿತ ಬೇಕು. ಆಡುವವನಿಗೆ ಅದು ಕೊಡುವ ಸ್ವಾತಂತ್ರ್ಯ ದೊಡ್ಡದು. ಪೈಪಿಗೆ ಒಂದು ಅಳತೆ ಹಾಕಬೇಕು ಅಷ್ಟೇ. ಅದೇ ಕೈಪಿಡಿ ಆರನೇ ದರ್ಜೆ ಮತ್ತು ಮೇಲಿನ ಮಂತ್ರಗಳಿಗೆ ಇಂಥ ಅಳತೆ ಹಾಕಿದೆ: ಒಂದೊಂದು ದರ್ಜೆಯಲ್ಲಿ ದಿನಕ್ಕೆ ಒಂದೇ ಸಲ. ಕೆಳಗಿನ ದರ್ಜೆಗಳಿಗೆ ನಾನು ಸೂಚಿಸುವ ದಾರಿ ಏರುವ ಬೆಲೆ. ಅದೇ ಮಂತ್ರವನ್ನು ಆ ದಿನ ಮತ್ತೆ ಹಾಕಿದರೆ ಪ್ರತಿ ಸಲ 2 ಪಾಯಿಂಟ್ ಹೆಚ್ಚು ಕೊಡಬೇಕು. ಮೊದಲ ಫೈರ್‌ಬಾಲ್‌ಗೆ 5, ಎರಡನೆಯದಕ್ಕೆ 7, ಮೂರನೆಯದಕ್ಕೆ 9. ಅಲ್ಲಿಗೆ 21 ಮುಗಿಯಿತು. ನಾಲ್ಕನೆಯದಕ್ಕೆ 11 ಬೇಕು, ಉಳಿದಿರುವುದು 6. ಆ 6ರಲ್ಲಿ ಮೂರು ಸಣ್ಣ ಮಂತ್ರ ಬರುತ್ತವೆ. ಮಾಂತ್ರಿಕ ಮತ್ತೆ ಬಗೆಬಗೆಯ ಮಂತ್ರ ಬಳಸತೊಡಗುತ್ತಾನೆ.

ಇನ್ನೊಂದು ದಾರಿ ನನಗೆ ಇದಕ್ಕಿಂತಲೂ ಇಷ್ಟ. ಜಗಳ ಶುರುವಾದಾಗ ಪಾಯಿಂಟ್ ಸೊನ್ನೆ. ಪ್ರತಿ ಸುತ್ತಿಗೆ 2 ಬರುತ್ತದೆ. ಜಗಳ ಮುಗಿದರೆ ಮತ್ತೆ ಸೊನ್ನೆ. ಆಗ ಫೈರ್‌ಬಾಲ್ ಬರುವುದು ಮೂರನೇ ಸುತ್ತಿನಲ್ಲಿ. ಅಷ್ಟರೊಳಗೆ ಯೋಧೆ ಒಂದಿಬ್ಬರನ್ನು ಬೀಳಿಸಿರುತ್ತಾಳೆ. ಮಾಂತ್ರಿಕನ ಎರಡು ಸುತ್ತೂ ಸುಮ್ನೆ ಹೋಗುವುದಿಲ್ಲ. ಮಂತ್ರ ತಯಾರಾಗುವವರೆಗೆ ಅವನನ್ನು ಕಾಪಾಡುವುದೇ ಉಳಿದವರ ಕೆಲಸವಾಗಿ, ಜಗಳಕ್ಕೆ ಒಂದು ಕಥೆ ಬರುತ್ತದೆ.

ದಿನದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. 2014ರ ಕೈಪಿಡಿಯ ಅಂದಾಜು ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಷ್ಟದ ಮುಖಾಮುಖಿಗಳು. 27 ಪಾಯಿಂಟನ್ನು ಆರಕ್ಕೆ ಹಂಚಿದರೆ ತಲಾ 4.5. ಅಂದರೆ ಜಗಳಕ್ಕೆ ಒಂದು ಫೈರ್‌ಬಾಲ್ ಕೂಡ ಇಲ್ಲ. ಆದರೆ ದಿನಕ್ಕೆ ಒಂದೇ ಜಗಳ ಇಟ್ಟರೆ ಅದೇ 27 ಒಂದೇ ಕಡೆ ಸುರಿಯುತ್ತದೆ. ಪ್ರಯಾಣ, ರಾಜಕೀಯ, ಪತ್ತೇದಾರಿ ತುಂಬಿದ ಕಥೆಯಲ್ಲಿ ದಿನಕ್ಕೆ ಆರು ಜಗಳ ಎಲ್ಲಿ ಬರುತ್ತವೆ? ಹಾಗಾಗಿ ನಿಯಮ ಬರೆಯುವಾಗಲೇ ನಿಮ್ಮ ಕಥೆಯ ವೇಗವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎನರ್ಜಿ ವಾಪಸ್ ಬರುವ ನಿಯಮಗಳಲ್ಲಿ ಇನ್ನೂ ಹುಷಾರಾಗಿರಬೇಕು. "ಶತ್ರುವನ್ನು ಕೊಂದರೆ 2 ಪಾಯಿಂಟ್ ವಾಪಸ್" ಎಂದು ಬರೆದರೆ, ಆಟಗಾರ ಒಂದು ಚೀಲ ಇಲಿ ಹೊತ್ತು ತರುತ್ತಾನೆ. ಆಟಗಾರರ ನಡುವೆ ಇಲಿ ಚೀಲ ಅನ್ನುವುದು ಹಳೆಯ, ಹೆಸರಾದ ಉಪಾಯ. ಇದಕ್ಕೆ ಮದ್ದು ಪ್ರಕೃತಿಯಲ್ಲೇ ಇದೆ. ಯಾವ ಯಂತ್ರದಲ್ಲೂ ಪ್ರತಿ ಸಲ ಸ್ವಲ್ಪ ಎನರ್ಜಿ ಶಾಖವಾಗಿ ಸೋರಿಹೋಗುತ್ತದೆ, ಹಾಗಾಗಿ ನಿಲ್ಲದೆ ಓಡುವ ಯಂತ್ರ ಸಾಧ್ಯವಿಲ್ಲ. 5ನೇ ಆವೃತ್ತಿಯ ಸಾರ್ಸರರ್ ಅನ್ನುವ ಇನ್ನೊಂದು ಬಗೆಯ ಮಾಂತ್ರಿಕ ಪಾತ್ರದಲ್ಲಿ ಇದೇ ಸೋರಿಕೆ ಇದೆ. ಮೂರನೇ ದರ್ಜೆಯ ಸ್ಲಾಟ್ ಒಡೆದರೆ ಆ ಪಾತ್ರಕ್ಕೇ ಇರುವ ಬೇರೆ ಬಗೆಯ 3 ಪಾಯಿಂಟ್ ಬರುತ್ತದೆ. ಅದೇ ಸ್ಲಾಟ್ ಮತ್ತೆ ಮಾಡಲು 5 ಬೇಕು.

ಆದರೂ ಒಂದು ಕಿಂಡಿ ಉಳಿಯಿತು. ವಾರ್‌ಲಾಕ್ ಅನ್ನುವ ಮತ್ತೊಂದು ಮಾಂತ್ರಿಕ ಪಾತ್ರದ ಸ್ಲಾಟ್‌ಗಳು ಒಂದು ಗಂಟೆ ವಿಶ್ರಾಂತಿಗೇ ತುಂಬುತ್ತವೆ. ಎರಡೂ ಪಾತ್ರ ಬೆರೆಸಿದ ಆಟಗಾರರು ವಿಶ್ರಾಂತಿ ಪಡೆದು, ಸ್ಲಾಟ್ ಒಡೆದು, ಸಾರ್ಸರರ್ ಸ್ಲಾಟ್ ಮಾಡಿ, ಮತ್ತೆ ವಿಶ್ರಾಂತಿ ಪಡೆದರು. ಹಾಗೆ ಮಾಡಿದ ಸ್ಲಾಟ್ ರಾತ್ರಿಯ ಪೂರ್ತಿ ವಿಶ್ರಾಂತಿಯಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಆ ವಿಶ್ರಾಂತಿಯನ್ನೇ ಬಿಟ್ಟರು. ಇದಕ್ಕೆ ಕಾಫಿಲಾಕ್ ಎಂದೇ ಹೆಸರು ಬಿತ್ತು. ಸೋರಿಕೆ ಇದ್ದರೂ ಹೊರಗಿನಿಂದ ಪುಕ್ಕಟೆ ಎನರ್ಜಿ ಬರುತ್ತಿದ್ದರೆ ರಾಶಿ ಬೆಳೆಯುತ್ತಲೇ ಹೋಗುತ್ತದೆ. 2017ರಲ್ಲಿ ಬಂದ ಪೂರಕ ಪುಸ್ತಕದ ಒಂದು ಐಚ್ಛಿಕ ನಿಯಮ ಈ ಕಿಂಡಿಯನ್ನು ಬಿಗಿ ಮಾಡಿತು. 24 ಗಂಟೆ ಪೂರ್ತಿ ವಿಶ್ರಾಂತಿ ಇಲ್ಲದೆ ಕಳೆದವರು ದಾಳ ಹಾಕಬೇಕು, ಸೋತರೆ ಬಳಲಿಕೆ.

ಹೊಸ ನಿಯಮವನ್ನು ಮೇಜಿಗೆ ತರುವ ಮೊದಲು ಕಾಗದದ ಮೇಲೆ ಆಡಿ ನೋಡಿ. ಪ್ರೋಗ್ರಾಂ ಬರೆಯಲು ಬಂದರೆ ಕಂಪ್ಯೂಟರಿನಲ್ಲಿ ಅದೇ ಜಗಳವನ್ನು ಸಾವಿರಾರು ಸಲ ಓಡಿಸಿ. ದಿನಕ್ಕೆ ಒಂದೇ ಜಗಳ, ತುಂಬಾ ದುರಾಸೆಯ ಮಾಂತ್ರಿಕ, ಪಕ್ಕದಲ್ಲಿ ಅದೇ ಲೆವೆಲ್‌ನ ಯೋಧೆ. 5ನೇ ಲೆವೆಲ್‌ನ ಯೋಧೆ ದೊಡ್ಡ ಕತ್ತಿಯಿಂದ ಎರಡು ಏಟು ಕೊಡುತ್ತಾಳೆ. ಶಕ್ತಿಯ ಬೋನಸ್ 4 ಇದ್ದರೆ ಏಟಿಗೆ ಸರಾಸರಿ 11. ಎರಡೂ ತಗುಲಿದರೆ 22. ನಾಲ್ವರ ಮೇಲೆ ಬಿದ್ದ ಫೈರ್‌ಬಾಲ್, ಯಾರೂ ತಪ್ಪಿಸಿಕೊಳ್ಳದಿದ್ದರೆ, 112. ಈ ಎರಡು ಅಂಕಿಗಳನ್ನು ಸಮ ಮಾಡಲು ಹೋಗಬೇಡಿ. ಒಮ್ಮೊಮ್ಮೆ ಮಾಂತ್ರಿಕ ಮಿಂಚಲೇಬೇಕು. ಬದಲಿಗೆ, ಯೋಧೆಯ ಸರದಿ ಬಂದಾಗ ಎದುರಿಗೆ ಎಷ್ಟು ಶತ್ರುಗಳು ನಿಂತಿದ್ದಾರೆ ಎಂದು ಪ್ರತಿ ಸುತ್ತಿನಲ್ಲೂ ಬರೆದಿಡಿ. ಅದು ಮತ್ತೆ ಮತ್ತೆ ಸೊನ್ನೆ ಬರುತ್ತಿದ್ದರೆ 27 ಪಾಯಿಂಟಿಗೆ ಕೈ ಹಚ್ಚಬೇಡಿ, ಏರುವ ಬೆಲೆಯನ್ನು 2ರಿಂದ 3ಕ್ಕೆ ಏರಿಸಿ ಮತ್ತೆ ಆಡಿ ನೋಡಿ.