ವಾರದ ಲೆಕ್ಕ ಶುರುವಾಗುವುದು ಎಲ್ಲಿಂದ?

'ಒಂದು ತಿಂಗಳು ಅಷ್ಟೇ ಮೇಡಂ.' ಗರ್ಭ ಬೇಡ ಎಂದು ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಸಾಮಾನ್ಯವಾಗಿ ಮೊದಲು ಹೇಳುವ ಮಾತು ಇದು. ಸ್ಕ್ಯಾನ್ ಮಾಡಿದರೆ ಎಂಟು ವಾರ ಇರುತ್ತದೆ, ಒಂಬತ್ತು ಇರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಮುಟ್ಟು ತಪ್ಪಿದ ದಿನದಿಂದ ಎಣಿಸುತ್ತಿದ್ದಾರೆ. ನಾವು ಡಾಕ್ಟರುಗಳು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಸ್ಕ್ಯಾನ್ ರಿಪೋರ್ಟ್ ಹೇಳುವುದೂ ಅದನ್ನೇ. ಗರ್ಭಪಾತಕ್ಕೆ ಕಾನೂನಿನ ಮಿತಿ ನೋಡುವಾಗಲೂ ಅದೇ ಲೆಕ್ಕ. ಈ ಎರಡು ಲೆಕ್ಕಗಳ ನಡುವೆ ಹೆಚ್ಚುಕಡಿಮೆ ನಾಲ್ಕು ವಾರದ ಅಂತರ. ಎಷ್ಟು ಸಲ ಹೇಳಿದರೂ ಇದು ಮನಸ್ಸಿಗೆ ಇಳಿಯುತ್ತಿಲ್ಲ. ಓದಿದವರಿಗೂ ಅಷ್ಟೇ, ವೈಟ್‌ಫೀಲ್ಡ್‌ನಲ್ಲಿ ದೊಡ್ಡ ಕೆಲಸದಲ್ಲಿರುವವರಿಗೂ ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಜುಲೈ 1ಕ್ಕೆ ಮುಟ್ಟು ಶುರುವಾಯಿತು. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡ ಬಿಡುಗಡೆಯಾಗುವುದು ಸುಮಾರು 14ನೇ ದಿನಕ್ಕೆ. ಗರ್ಭ ಕಟ್ಟುವುದು ಆ ಹೊತ್ತಿಗೆ. ಮುಂದಿನ ಮುಟ್ಟು ಬರಬೇಕಿದ್ದದ್ದು ಜುಲೈ 29ಕ್ಕೆ, ಬರಲಿಲ್ಲ. ಗರ್ಭ ಕಟ್ಟಿ ಅವತ್ತಿಗೆ ಎರಡೇ ವಾರ ಆಗಿದ್ದರೂ ನಮ್ಮ ಲೆಕ್ಕದಲ್ಲಿ ಅವತ್ತೇ ನಾಲ್ಕು ವಾರ. ಇನ್ನೊಂದು ವಾರ ಕಾದು ಆಗಸ್ಟ್ 5ಕ್ಕೆ ಮನೆಯಲ್ಲೇ ಟೆಸ್ಟ್ ಮಾಡಿ ಎರಡು ಗೆರೆ ಕಂಡರೆ ಐದು ವಾರ.

ಗರ್ಭವೇ ಇಲ್ಲದ ಮೊದಲ ಎರಡು ವಾರವನ್ನು ಯಾಕೆ ಸೇರಿಸುತ್ತೀರಿ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗರ್ಭ ಕಟ್ಟಿದ ದಿನ ಇಂಥದ್ದೇ ಎಂದು ಹೇಳಲು ಸಾಮಾನ್ಯವಾಗಿ ಆಗುವುದಿಲ್ಲ. ಮುಟ್ಟಾದ ದಿನ ಹೆಂಗಸಿಗೆ ಗೊತ್ತಿರುತ್ತದೆ. ಅದಕ್ಕೆ ಅಲ್ಲಿಂದ ಹಿಡಿಯುತ್ತೇವೆ. ಹೆರಿಗೆಗೆ ಒಂಬತ್ತು ತಿಂಗಳು ಏಳು ದಿನ ಅನ್ನುತ್ತೇವಲ್ಲ, ಆ 40 ವಾರವೂ ಶುರುವಾಗುವುದು ಅದೇ ದಿನದಿಂದ.

ಇದು ತಿಳಿಯದೆ ಸಂಸಾರ ಒಡೆಯುವ ಮಟ್ಟಕ್ಕೆ ಹೋದದ್ದನ್ನೂ ನೋಡಿದ್ದೇನೆ. ಗಂಡ ಗಲ್ಫ್‌ನಲ್ಲಿ ಡ್ರೈವರ್. ಊರಿಗೆ ಬಂದದ್ದು ಜುಲೈ 12ಕ್ಕೆ ಎಂದುಕೊಳ್ಳಿ. ಆಗಸ್ಟ್ 14ರ ಸ್ಕ್ಯಾನ್ ರಿಪೋರ್ಟ್‌ನಲ್ಲಿ '6 ವಾರ 2 ದಿನ' ಎಂದು ಬಂತು. ಅತ್ತೆ ಬೆರಳು ಮಡಚಿ ಎಣಿಸಿದರು. ಮಗ ಬಂದು ಐದು ವಾರ ಕೂಡ ಆಗಿಲ್ಲ, ಆರು ವಾರದ ಬಸುರಿ ಹೇಗೆ? ಆ ಹುಡುಗಿ ನನ್ನ ಮುಂದೆ ಕೂತು ಸೆರಗಿನ ಅಂಚನ್ನು ಸುಮ್ನೆ ಸುತ್ತುತ್ತಿದ್ದಳು, ಒಂದು ಮಾತಿಲ್ಲ. ನಾನು ಪೇಪರಿನ ಮೇಲೆ ದಿನ ಬರೆದು, ಗೆರೆ ಎಳೆದು, ಗಂಡನ ಕೈಯಿಂದಲೇ ಎಣಿಕೆ ಮಾಡಿಸಿದೆ. ಅವಳ ಕೊನೆಯ ಮುಟ್ಟು ಶುರುವಾದ ಜುಲೈ 1ರಿಂದ ಆಗಸ್ಟ್ 14ಕ್ಕೆ 44 ದಿನ. ಅಂದರೆ ಆರು ವಾರ ಎರಡು ದಿನ, ರಿಪೋರ್ಟ್‌ನಲ್ಲಿ ಇದ್ದದ್ದೂ ಅಷ್ಟೇ. ಆತ ಎರಡು ಸಲ ಎಣಿಸಿದ. ಆಮೇಲೆ ಅವಳ ಕಡೆ ತಿರುಗಿ 'ಊಟ ಮಾಡಿದ್ಯಾ?' ಎಂದು ಕೇಳಿದ. ಅತ್ತೆ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ರಿಪೋರ್ಟಿನ ವಾರ ಹಿಡಿದು ಹೆಂಗಸಿನ ನಡತೆ ಅಳೆಯಲು ಹೊರಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಕೊನೆಯ ಮುಟ್ಟಿನ ದಿನ ಯಾವುದು ಎಂದರೆ ನಮ್ಮ ಹೆಂಗಸರು ತಾರೀಖು ಹೇಳುವುದು ಕಡಿಮೆ, ಹಬ್ಬ ಹೇಳುತ್ತಾರೆ. 'ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ ಆಗಿದ್ದೆ, ಪೂಜೆಗೆ ಕೂರಲಿಲ್ಲ.' ಇದು ಒಳ್ಳೆಯ ಲೆಕ್ಕ, ನನಗೆ ಸಾಕು. ಕೆಲವರು ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನ ಫೋಟೋ ತೋರಿಸುತ್ತಾರೆ. ಹಾಲಿನ ಗುರುತು, ಗ್ಯಾಸ್ ಬಂದ ದಿನ, ಮಧ್ಯೆ ಎಲ್ಲೋ ಪೆನ್ನಿನ ಒಂದು ಸಣ್ಣ ಚುಕ್ಕೆ. ಆ ಚುಕ್ಕೆ ನೋಡಿದರೆ ನನಗೆ ಖುಷಿಯಾಗುತ್ತದೆ.

ತೊಂದರೆ ಬರುವುದು ಬೇರೆ ಕಡೆ. ಗೌರಿ ಗಣೇಶಕ್ಕೆ ಮುಟ್ಟು ಮುಂದೂಡಲು ಮಾತ್ರೆ ತಗೊಂಡಿರುತ್ತಾರೆ. ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ದಿನದಲ್ಲಿ ಮುಟ್ಟಾಗಬೇಕು. ಆಗದಿದ್ದರೆ 'ಮಾತ್ರೆಯ ಎಫೆಕ್ಟ್ ಇರಬೇಕು' ಎಂದು ತಿಂಗಳು ತಳ್ಳುತ್ತಾರೆ. ಇನ್ನು ಕೆಲವರಿಗೆ ಗರ್ಭದ ಶುರುವಿನಲ್ಲೇ ಸ್ವಲ್ಪ ರಕ್ತ ಕಾಣಿಸುತ್ತದೆ, ಅದನ್ನೇ ಮುಟ್ಟು ಎಂದುಕೊಳ್ಳುತ್ತಾರೆ. ಪಿಸಿಓಡಿ, ಅಂದರೆ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ, ಇರುವವರಿಗೆ ಮುಟ್ಟು ಮೂರು ತಿಂಗಳಿಗೊಮ್ಮೆ ಬರುವುದೂ ಉಂಟು. ಇಂಥವರ ವಿಷಯದಲ್ಲಿ ನಾನು ಮುಟ್ಟಿನ ದಿನವನ್ನು ನಂಬಿ ಕೂರುವುದಿಲ್ಲ, ಸ್ಕ್ಯಾನ್ ನೋಡುತ್ತೇನೆ. ಮೊದಲ ಮೂರು ತಿಂಗಳ ಒಳಗಿನ ಸ್ಕ್ಯಾನ್‌ನಲ್ಲಿ ಹೆಚ್ಚೆಂದರೆ ಒಂದು ವಾರ ಆಚೀಚೆ ಆಗಬಹುದು. ತಡವಾದಷ್ಟೂ ಆ ವ್ಯತ್ಯಾಸ ಜಾಸ್ತಿ.

ಹಾಲು ಕುಡಿಸುವ ತಾಯಂದಿರ ಕಥೆ ಇನ್ನೂ ಕಷ್ಟ. ಮುಟ್ಟೇ ಬಂದಿರುವುದಿಲ್ಲ, ಎಣಿಸುವುದು ಎಲ್ಲಿಂದ? 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಅಂಥದ್ದೇ ಪ್ರಕರಣ. ಎರಡು ಮಕ್ಕಳ ತಾಯಿ, ಎರಡನೇ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದಾಕೆ. ಹಾಲು ಕುಡಿಸುತ್ತಿದ್ದರಿಂದ ಮತ್ತೆ ಬಸುರಿ ಎಂದು ತಿಳಿದದ್ದೇ ತಡವಾಗಿ. ಗರ್ಭ ತೆಗೆಸಲು ಕೋರ್ಟ್ ಮೊದಲು ಅನುಮತಿ ಕೊಟ್ಟಿತು, ನಂತರ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ 26 ವಾರ ದಾಟಿತ್ತು. ಆಕೆಯ ಜಾಗದಲ್ಲಿ ನಮ್ಮ ಯಾವ ಪೇಷೆಂಟ್ ಬೇಕಾದರೂ ಇರಬಹುದಿತ್ತು. ಬಾಣಂತನ ಮುಗಿದ ಮೇಲೆ ಮುಟ್ಟು ಬಂದಿಲ್ಲ ಎಂದು ನಿಶ್ಚಿಂತೆಯಾಗಿ ಇರಬೇಡಿ. ಅನುಮಾನ ಬಂದ ದಿನವೇ ಟೆಸ್ಟ್ ಮಾಡಿ.

ಕಾನೂನು ಬಹಳ ಜನ ಅಂದುಕೊಂಡಷ್ಟು ಬಿಗಿಯಾಗಿಲ್ಲ. ಗರ್ಭಪಾತದ ಬಗೆಗಿನ 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಯಿತು. 20 ವಾರದವರೆಗೆ, ಕಾಯ್ದೆ ಹೇಳುವ ಕಾರಣಗಳಿದ್ದರೆ, ಅರ್ಹ ಡಾಕ್ಟರ್ ಒಬ್ಬರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿದ್ದೂ ಅಂಥ ಒಂದು ಕಾರಣ. ಅಲ್ಲಿ 'ಮದುವೆಯಾದ ಹೆಂಗಸು' ಎಂದಿದ್ದದ್ದು ಈಗ 'ಯಾವುದೇ ಹೆಂಗಸು' ಎಂದಾಗಿದೆ. 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರುಗಳ ಅಭಿಪ್ರಾಯ ಬೇಕು. ಅದು ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಗರ್ಭಿಣಿಯಾಗಿದ್ದಾಗ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನವಾದವರು, ಇಂಥ ಕೆಲವು ವರ್ಗದವರಿಗೆ. ಮದುವೆಯಾಗದವರನ್ನು ಇಲ್ಲಿಂದ ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಗಂಡನಿಂದಲೇ ಬಲಾತ್ಕಾರವಾಗಿದ್ದರೆ ಈ ಕಾಯ್ದೆಯ ಮಟ್ಟಿಗೆ ಅದನ್ನೂ ಅತ್ಯಾಚಾರ ಎಂದೇ ನೋಡಬೇಕು ಎಂದೂ ಹೇಳಿತು. ಪ್ರತಿಯೊಬ್ಬರ ಸಂದರ್ಭ ಬೇರೆ. ನಿಮ್ಮನ್ನು ನೋಡದೆ ನಾನು ಇಲ್ಲಿಂದ ತೀರ್ಪು ಕೊಡಲಾರೆ.

ಆದರೆ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. 18 ತುಂಬಿದ, ಮಾನಸಿಕ ಕಾಯಿಲೆ ಇಲ್ಲದ ಹೆಂಗಸಿನ ವಿಷಯದಲ್ಲಿ ಕಾಯ್ದೆ ಕೇಳುವುದು ಅವಳ ಒಪ್ಪಿಗೆ ಮಾತ್ರ. ಗಂಡನ ಸಹಿ ಬೇಡ, ಅಪ್ಪನ ಸಹಿ ಬೇಡ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬಾಕೆ ಬಂದಿದ್ದಳು. ರಜೆ ಹಾಕಿದರೆ ಸಂಬಳ ಕಟ್, ಹಾಗಾಗಿ ಭಾನುವಾರಕ್ಕೆ ಕಾದಳು. ಮೊದಲು ಹೋದ ಕಡೆ 'ಗಂಡನನ್ನು ಕರ್ಕೊಂಡು ಬಾ' ಎಂದು ವಾಪಸ್ ಕಳಿಸಿದ್ದರು. ಗಂಡ ರಾಯಚೂರಿನಲ್ಲಿ, ಹೊಲದ ಕೆಲಸ ಬಿಟ್ಟು ಬರುವ ಹಾಗಿಲ್ಲ. ಎರಡು ವಾರ ಹಾಗೇ ಹೋಯಿತು. ನನ್ನ ಹತ್ತಿರ ಬಂದಾಗ 'ಎರಡು ತಿಂಗಳು ಮೇಡಂ, ಮಾತ್ರೆ ಕೊಡಿ' ಎಂದಳು. ಮುಟ್ಟು ತಪ್ಪಿ ಎರಡು ತಿಂಗಳು, ಅಂದರೆ ನಮ್ಮ ಲೆಕ್ಕದಲ್ಲಿ 12 ವಾರ ದಾಟಿತ್ತು. ಮಾತ್ರೆಯಲ್ಲಿ ಆಗುವುದು 9 ವಾರದ ಒಳಗೆ. ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಆದರೆ ಆಸ್ಪತ್ರೆಗೆ ಸೇರಿಸಿ ಬೇರೆ ವಿಧಾನದಲ್ಲಿ ಮಾಡಬೇಕಾಯಿತು, ಖರ್ಚೂ ಜಾಸ್ತಿ, ಇನ್ನಷ್ಟು ರಜೆಯೂ ಆಯಿತು. ಅವಳನ್ನು ವಾಪಸ್ ಕಳಿಸಿದ ನನ್ನದೇ ವೃತ್ತಿಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಗೆಯೇ ಗರ್ಭ ತೆಗೆಸಿಕೊಂಡವರ ಹೆಸರು, ವಿವರ ಹೊರಗೆ ಬಿಟ್ಟ ಡಾಕ್ಟರ್‌ಗೆ ಒಂದು ವರ್ಷದವರೆಗೆ ಜೈಲಾಗಬಹುದು ಎಂದೂ ಇದೇ ಕಾಯ್ದೆಯಲ್ಲಿದೆ. ಪಿಜಿಯಲ್ಲಿರುವ ಹುಡುಗಿಯರು ಹೆದರುವುದು ಇದಕ್ಕೇ ಅಲ್ವಾ? ಹೆದರಬೇಡಿ, ಒಬ್ಬರೇ ಬನ್ನಿ.

ಮೆಡಿಕಲ್ ಶಾಪ್‌ನಲ್ಲಿ ಗಂಡನನ್ನೋ ಗೆಳೆಯನನ್ನೋ ಕಳಿಸಿ ಗರ್ಭಪಾತದ ಮಾತ್ರೆಯ ಕಿಟ್ ತರಿಸಿಕೊಳ್ಳುವವರಿಗೆ ಒಂದೇ ಮಾತು: ವಾರ ತಪ್ಪಿ ಎಣಿಸಿದ್ದರೆ ಅರ್ಧಂಬರ್ಧ ಆಗಿ ರಕ್ತ ನಿಲ್ಲದೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗಬಹುದು. ಗರ್ಭ ಗರ್ಭಕೋಶಕ್ಕೆ ಇಳಿಯದೆ ಟ್ಯೂಬ್‌ನಲ್ಲೇ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಅಪಾಯ. ಮೊದಲು ತೋರಿಸಿ, ಆಮೇಲೆ ಮಾತ್ರೆ.

ಮಗು ಬೇಕು ಎಂದಿರುವವರಿಗೂ ಈ ಲೆಕ್ಕ ಬೇಕು. ಐದನೇ ತಿಂಗಳ ಸ್ಕ್ಯಾನ್ ಎಂದು ನಾವು ಬರೆದುಕೊಡುವುದು 18ರಿಂದ 20 ವಾರದ ಒಳಗೆ ಮಾಡಿಸಲು. ಮನೆಯವರು ತಮ್ಮದೇ ಲೆಕ್ಕ ಹಾಕಿ, ಭಾನುವಾರದ ಸ್ಲಾಟ್ ನೋಡಿ, 22ಕ್ಕೋ 23ಕ್ಕೋ ಕರೆತರುತ್ತಾರೆ. ಆಗ ಮಗುವಿನ ಹೃದಯದಲ್ಲಿ ತೊಂದರೆ ಕಂಡರೆ ಇನ್ನೊಂದು ಸ್ಕ್ಯಾನ್, ಇನ್ನೊಬ್ಬರ ಅಭಿಪ್ರಾಯ ಎಂದು ದಿನ ಓಡುತ್ತದೆ. ಅಪ್ಪ ಅಮ್ಮ ಕೂತು ಯೋಚಿಸಲೂ ಪುರುಸೊತ್ತು ಇರುವುದಿಲ್ಲ. 24 ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು, ಅದೂ ಮಗುವಿಗೆ ಗಂಭೀರ ತೊಂದರೆ ಇದ್ದರೆ ಮಾತ್ರ. ಆದರೆ ತಾಯಿಯ ಜೀವಕ್ಕೇ ಅಪಾಯವಿದ್ದರೆ ವಾರದ ಮಿತಿ ಅಡ್ಡ ಬರುವುದಿಲ್ಲ. ಅದಕ್ಕೆ 16ನೇ ವಾರದಲ್ಲೇ ಸ್ಲಾಟ್ ಬುಕ್ ಮಾಡಿ. ಫೋನ್ ಮಾಡುವಾಗ ತಿಂಗಳು ಹೇಳಬೇಡಿ, ಕೊನೆಯ ಮುಟ್ಟಿನ ತಾರೀಖು ಹೇಳಿ. ಸ್ಲಾಟ್ ಇಲ್ಲ ಎಂದರೆ ಇನ್ನೊಂದು ಸೆಂಟರ್‌ನಲ್ಲಿ ವಿಚಾರಿಸಿ, ಇಲ್ಲವೇ ನಿಮ್ಮ ಡಾಕ್ಟರ್‌ಗೇ ಹೇಳಿ ಫೋನ್ ಮಾಡಿಸಿ.