ಕ್ಯಾನ್ಸರ್ ತಪಾಸಣೆ: ಯಾವ ವಯಸ್ಸಿಗೆ, ಎಷ್ಟು ಸಲ?

"ಗರ್ಭಕಂಠದ ಕ್ಯಾನ್ಸರ್ ಟೆಸ್ಟ್ 30 ದಾಟಿದ ಮೇಲೇ ಯಾಕೆ ಡಾಕ್ಟ್ರೇ? 20ಕ್ಕೇ ಮಾಡಿಸಿದ್ರೆ ಇನ್ನೂ ಒಳ್ಳೇದಲ್ವಾ?" ಶಿಬಿರಗಳಲ್ಲಿ ಹೆಣ್ಣುಮಕ್ಕಳು ಕೇಳುತ್ತಲೇ ಇರುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಯಾವ ವಯಸ್ಸಿಗೆ ಶುರು, ಎಷ್ಟು ವರ್ಷಕ್ಕೊಮ್ಮೆ, ಯಾವ ಟೆಸ್ಟ್? ಒಂದೊಂದನ್ನೂ ಜನರ ಮೇಲೆ ಪ್ರಯೋಗ ಮಾಡಿಯೇ ನೋಡುತ್ತೇವೆಂದರೆ ನಮ್ಮ ಆಯುಷ್ಯ ಸಾಲದು. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ ತಗುಲಿ ಕ್ಯಾನ್ಸರ್ ಆಗುವಷ್ಟರಲ್ಲೇ ಸಾಮಾನ್ಯವಾಗಿ 15–20 ವರ್ಷ ಕಳೆದಿರುತ್ತದೆ. ಅದಕ್ಕೇ ಸಿಮ್ಯುಲೇಷನ್ ಮಾಡೆಲ್ ಬೇಕು, ಅಂದರೆ ಜನರ ಬದಲು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವ ವಿಧಾನ.

ಕಂಪ್ಯೂಟರಿನೊಳಗೆ ಲಕ್ಷಾಂತರ ಕಾಲ್ಪನಿಕ ಹೆಂಗಸರಿರುತ್ತಾರೆ. ಅವರಲ್ಲೊಬ್ಬಳನ್ನು ನೋಡೋಣ. 22ಕ್ಕೆ ಸೋಂಕು ತಗುಲುತ್ತದೆ, ಎರಡು ವರ್ಷದೊಳಗೆ ತಾನಾಗೇ ಹೋಗುತ್ತದೆ. ಹೆಚ್ಚಿನವರಲ್ಲಿ ಹೀಗೇ. 29ಕ್ಕೆ ಮತ್ತೊಂದು ಸೋಂಕು. ಇದು ಹೋಗುವುದಿಲ್ಲ. 36ಕ್ಕೆ ಕ್ಯಾನ್ಸರಿಗೆ ಮುಂಚಿನ ಬದಲಾವಣೆ, 48ಕ್ಕೆ ಕ್ಯಾನ್ಸರ್. ಈ ಒಂದೊಂದು ಹಂತದ ಸಾಧ್ಯತೆಯನ್ನೂ ನಿಜವಾದ ಜನರ ದಾಖಲೆ ನೋಡಿಯೇ ಹೊಂದಿಸುತ್ತಾರೆ. ಮಾಡೆಲ್ ಕೊಡುವ ಲೆಕ್ಕ ಕ್ಯಾನ್ಸರ್ ನೋಂದಣಿಯ ಲೆಕ್ಕಕ್ಕೆ ತಾಳೆಯಾಗದಿದ್ದರೆ ನಂಬುವಂತಿಲ್ಲ.

ಈಗ ಇವಳಿಗೇ 22ರಲ್ಲಿ ಟೆಸ್ಟ್ ಮಾಡಿಸಿ ನೋಡಿ. ಸುಮ್ನೆ ಗಾಬರಿ, ಬೇಡದ ಚಿಕಿತ್ಸೆ. 37ರಲ್ಲಿ ಮಾಡಿಸಿದರೆ ಕ್ಯಾನ್ಸರ್ ಆಗದಂತೆಯೇ ತಡೆಯಬಹುದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಯೂ ಗೋಲ್ಡಿ ಮತ್ತು ಸಂಗಡಿಗರು 2005ರಲ್ಲಿ ಭಾರತ, ಕೆನ್ಯಾ, ಪೆರು, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್‌ಗಳಿಗೆ ಇಂಥ ಲೆಕ್ಕ ಹಾಕಿದರು. 35ನೇ ವಯಸ್ಸಿಗೆ ಜೀವಮಾನದಲ್ಲಿ ಒಂದೇ ಸಲ ತಪಾಸಣೆ ಮಾಡಿದರೂ ಈ ಕ್ಯಾನ್ಸರಿನ ಅಪಾಯ ಸುಮಾರು 25ರಿಂದ 36% ಇಳಿಯುತ್ತದೆ ಎಂದು ತೋರಿತು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಖರ್ಚಿಗೆ ತಕ್ಕ ಫಲ ಜಾಸ್ತಿ ಸಿಕ್ಕಿದ್ದು ಆಸ್ಪತ್ರೆಗೆ ಅತಿ ಕಡಿಮೆ ಸಲ ಬರಬೇಕಾದ ವಿಧಾನಗಳಲ್ಲಿ. ಟೆಸ್ಟಿಗೆ ಒಂದು ದಿನ, ರಿಪೋರ್ಟಿಗೆ ಒಂದು ದಿನ, ಚಿಕಿತ್ಸೆಗೆ ಮತ್ತೊಂದು ದಿನ ಅಂದರೆ ಕೂಲಿ ಬಿಟ್ಟು ಯಾರು ಬರುತ್ತಾರೆ?

ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡೇ ಇರುವ ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ (ಈಗಿನ ಧಾರಾಶಿವ) 1.3 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದೇ ಸಲದ ಎಚ್‌ಪಿವಿ ಟೆಸ್ಟ್ ಈ ಕ್ಯಾನ್ಸರಿನ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಒಂದೇ ತಪಾಸಣೆಗೂ ಇಷ್ಟು ಬಲ ಇದೆ ಎಂಬುದಕ್ಕೆ ಮಾಡೆಲ್‌ನ ಹೊರಗೂ ಪುರಾವೆ ಸಿಕ್ಕಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 35 ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ 70% ಹೆಂಗಸರಿಗೆ ಒಳ್ಳೆಯ ಟೆಸ್ಟ್ ಆಗಬೇಕೆಂದು ಗುರಿ ಇಟ್ಟಿತು. ಅದರ ಹಿಂದೆಯೂ ಮೂರು ಮಾಡೆಲ್‌ಗಳ ಲೆಕ್ಕವಿದೆ.

ಆದರೆ ಆ 70% ತಾನಾಗಿ ಬರುವುದಿಲ್ಲ. ಯಾವುದೇ ಮಾಡೆಲ್‌ನ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ಎಷ್ಟು ಜನ ತಪಾಸಣೆಗೆ ಬರುತ್ತಾರೆ, ಎಷ್ಟು ಜನ ಚಿಕಿತ್ಸೆಗೆ ಮರಳುತ್ತಾರೆ ಎಂದು ಅಂದುಕೊಂಡಿದ್ದಾರೆ? 2016ರ ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ (ವಿನೆಗರ್‌ನಲ್ಲಿರುವ ಆಮ್ಲ) ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ ಇದೆ. ನಾವು ಎಚ್‌ಪಿವಿ ಟೆಸ್ಟಿಗೆ ಬದಲಾಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಸ್ಯಾಂಪಲ್ಲನ್ನು ಹೆಂಗಸರು ತಾವೇ ತೆಗೆದುಕೊಡಬಹುದು. ನಾಚಿಕೆ, ಅಂಜಿಕೆಯಿಂದ ದೂರ ಉಳಿದವರೂ ಆಗ ಬರುತ್ತಾರೆ.